‘ಮದರ್‌ಬೋರ್ಡ್ ಹೋಗಿದೆ’ ಎಂದ ಮಹನೀಯರಿಗೆ

ಮಾನ್ಯರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ಬೆನ್ನು ತೋರಿಸಿಕೊಂಡಿತ್ತು. ಗೊತ್ತಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ತಾವು ಒಬ್ಬರೇ ಆಗಿದ್ದರೆ ಸಣ್ಣದೊಂದು ಜಗಳದಲ್ಲಿ ಮುಗಿಯುತ್ತಿತ್ತು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಎನ್ನದೆ ಗಾಜಿನ ಬಾಗಿಲು, ಎ.ಸಿ. ಮತ್ತು ‘ಅಧಿಕೃತ’ ಎಂಬ ಬೋರ್ಡು ಇರುವಲ್ಲೆಲ್ಲ ತಾವು ನೆಲೆಸಿರುವುದರಿಂದ ಬಹಿರಂಗ ಪತ್ರವೇ ಬೇಕಾಯಿತು.

ನೆನಪಿಗೆ ಬಾರದಿದ್ದರೆ ಹೇಳುತ್ತೇನೆ. ನನ್ನ ತಂಗಿಯ ಮಗಳ ಲ್ಯಾಪ್‌ಟಾಪ್. ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನು ಸದ್ದು ಮಾಡಲು ಶುರುಮಾಡಿ ಯಾಕೋ ಮನಸ್ಸಾಗದೆ ನಿಂತುಬಿಡುತ್ತಿತ್ತು. ತಾವು ಅದನ್ನು ಒಮ್ಮೆ ಆನ್ ಮಾಡಿದಿರಿ, ಅದು ಆಫ್ ಆಗುವುದನ್ನು ಕಣ್ಣಾರೆ ನೋಡಿದಿರಿ, ‘ಮದರ್‌ಬೋರ್ಡ್ ಹೋಗಿದೆ ಮೇಡಂ’ ಎಂದಿರಿ. ಒಂದು ಸ್ಕ್ರೂ ಬಿಚ್ಚಲಿಲ್ಲ, ಮೀಟರಿನ ಕಡ್ಡಿ ತಾಗಿಸಲಿಲ್ಲ. ಅಷ್ಟಮಂಗಲ ಪ್ರಶ್ನೆ ಇಡುವವರು ಕೂಡ ಕವಡೆ ಮುಟ್ಟದೆ ಬಾಯಿ ಬಿಡುವುದಿಲ್ಲ. ತಮ್ಮ ದಿವ್ಯದೃಷ್ಟಿಗೆ ಅಷ್ಟೂ ಬೇಕಾಗಲಿಲ್ಲ. ವಾರಂಟಿ ಮುಗಿದಿದ್ದರಿಂದ ಹೊಸ ಬೋರ್ಡಿಗೆ ತಾವು ಬರೆದುಕೊಟ್ಟ ಅಂದಾಜು ಆ ಲ್ಯಾಪ್‌ಟಾಪ್ ಕೊಂಡ ಬೆಲೆಯ ಮುಕ್ಕಾಲು ಪಾಲು. ಜೊತೆಗೆ ಸಾಂತ್ವನದ ದನಿಯಲ್ಲಿ, ‘ಇದರ ಬದಲು ಹೊಸದೇ ತಗೊಳ್ಳಿ’ ಎಂಬ ಹಿತವಚನ.

ತಮ್ಮ ವಿದ್ಯೆಯನ್ನು ಶಂಕಿಸುವಷ್ಟು ದೊಡ್ಡವಳು ನಾನಲ್ಲ. ಒಂದೇ ಒಂದು ಸಂಗತಿ ಕಾಡುತ್ತಿದೆ. ಆ ಯಂತ್ರ ಎಷ್ಟು ಹೊತ್ತು ಉರಿದು ಆರಿತು ಎಂದು ತಾವು ಕೇಳಲೇ ಇಲ್ಲ. ಆನ್ ಆಗಿ ಆಫ್ ಆಗುವ ಲ್ಯಾಪ್‌ಟಾಪ್ ಹೇಳಬಲ್ಲ ಮಾತೆಲ್ಲ ಇರುವುದು ಆ ಅವಧಿಯಲ್ಲೇ ಅಂತೆ.

ಒಂದೆರಡು ಸೆಕೆಂಡಿನಲ್ಲಿ ಆರಿದರೆ ಒಂದು ಕಥೆ. ಬಟನ್ ಒತ್ತಿದ ಕೂಡಲೇ ಬೋರ್ಡಿನ ಮೇಲಿನ ಪುಟ್ಟದೊಂದು ಕಂಟ್ರೋಲರ್ ಚಿಪ್ ಸರದಿಯ ಪ್ರಕಾರ ಒಂದೊಂದೇ ವೋಲ್ಟೇಜ್ ಲೈನಿಗೆ ಜೀವ ಕೊಡುತ್ತಾ ಹೋಗುತ್ತದೆ: 5 ವೋಲ್ಟು, 3.3 ವೋಲ್ಟು, ರ‍್ಯಾಮ್‌ಗೆ ಬೇಕಾದದ್ದು, ಕಡೆಗೆ ಪ್ರೊಸೆಸರಿಗೆ ಬೇಕಾದ ಸುಮಾರು 1 ವೋಲ್ಟು. ಪ್ರತಿಯೊಂದು ಲೈನೂ ‘ನಾನು ಸರಿಯಾಗಿದ್ದೇನೆ’ ಎಂದು ವರದಿ ಒಪ್ಪಿಸಬೇಕು. ಒಂದು ಲೈನಿನಿಂದ ವರದಿ ಬಾರದಿದ್ದರೂ ಉಳಿದವು ಸುಡದಿರಲೆಂದು ಆ ಚಿಪ್ ಎಲ್ಲವನ್ನೂ ಆರಿಸಿಬಿಡುತ್ತದೆ. ಅಂದರೆ ನಮಗೆ ಸಾವಿನಂತೆ ಕಾಣುವುದು ಆ ಯಂತ್ರದ ಜಾಣತನ. ಹೀಗೆ ವರದಿ ತಪ್ಪಿಸುವ ಶಾರ್ಟ್ ಬೋರ್ಡಿನ ಮೇಲೇ ಇರಬಹುದು. ಎಸ್‌ಎಸ್‌ಡಿ, ವೈಫೈ ಕಾರ್ಡು, ಯುಎಸ್‌ಬಿ ಪೋರ್ಟಿನ ಬಾಗಿದ ಪಿನ್ನುಗಳಲ್ಲೂ ಇರಬಹುದು. ಹಾಗಾಗಿ ಬಲ್ಲವರು ಮೊದಲು ಚಾರ್ಜರ್ ಕಿತ್ತು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಒಳಗೆ ಉಳಿದ ಚಾರ್ಜು ಇಳಿಯಲೆಂದು ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತಾರೆ. ಆಮೇಲೆ ಕಳಚಬಹುದಾದದ್ದನ್ನೆಲ್ಲ ಕಳಚಿ, ಒಂದೇ ರ‍್ಯಾಮ್ ಉಳಿಸಿ, ಚಾರ್ಜರಿನ ಕರೆಂಟಿನಲ್ಲೇ ಎಬ್ಬಿಸಿ ನೋಡುತ್ತಾರೆ. ಎದ್ದು ನಿಂತರೆ, ಕಳಚಿಟ್ಟದ್ದರಲ್ಲೇ ಕಳ್ಳ ಇದ್ದಾನೆ.

ನಾಲ್ಕೈದು ಸೆಕೆಂಡಿಗೆ, ಪ್ರತಿ ಸಲವೂ ಗಡಿಯಾರ ಇಟ್ಟಂತೆ ಆರಿದರೆ ಕಥೆಯೇ ಬೇರೆ. ಪವರ್ ಬಟನ್ನನ್ನು ನಾಲ್ಕು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆಫ್ ಆಗಬೇಕು ಎಂಬುದು 1996ರಲ್ಲಿ ಬಂದ ಎಸಿಪಿಐ ಎಂಬ ಕಂಪ್ಯೂಟರ್ ಮಾನದಂಡದ ಏರ್ಪಾಡು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಆ ಬಟನ್ನು ಕೀಬೋರ್ಡಿನಲ್ಲೇ ಒಂದು ಕೀಲಿಯಾಗಿ ಕೂತಿರುತ್ತದೆ. ಅದರ ಸಂದಿಗೆ ಚಹಾ ಇಳಿದು ಸಕ್ಕರೆ ಅಂಟಾಗಿ ಬಟನ್ ಕೆಳಗೇ ಉಳಿದರೆ, ಒತ್ತಿರುವುದು ಬೆರಳೋ ಸಕ್ಕರೆಯೋ ಎಂದು ಬೋರ್ಡಿಗೆ ತಿಳಿಯುವುದು ಹೇಗೆ? ಅಪ್ಪಣೆಯಾಗಿದೆ ಎಂದುಕೊಂಡು ಆರುತ್ತದೆ. ಇದಕ್ಕೂ ಮದರ್‌ಬೋರ್ಡ್ ಬದಲಿಸಬಹುದು, ಅಡ್ಡಿಯಿಲ್ಲ. ಆದರೆ ಹೊಸ ಬೋರ್ಡೂ ನಾಲ್ಕು ಸೆಕೆಂಡಿಗೆ ಸರಿಯಾಗಿ ಆರುತ್ತದೆ.

ಹತ್ತು ಹದಿನೈದು ನಿಮಿಷ ನಡೆದು ಆರಿದರೆ, ತಕ್ಷಣ ಮತ್ತೆ ಹಚ್ಚಿದಾಗ ಇನ್ನೂ ಬೇಗ ಆರಿದರೆ, ಅದು ಬಿಸಿ. ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರುಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ತಾವಾಗಿ ವೇಗ ತಗ್ಗಿಸುತ್ತವೆ. ಅದನ್ನೂ ಮೀರಿ ಕಾದರೆ ಕರೆಂಟನ್ನೇ ಕಡಿಸಿಕೊಳ್ಳುತ್ತವೆ. ಫ್ಯಾನಿನ ಮುಂದಿನ ತಗಡಿನ ಸಂದಿಗಳಲ್ಲಿ ಹಾಸಿಗೆಯ ಹತ್ತಿಯೂ ರಸ್ತೆಯ ಧೂಳೂ ಗಟ್ಟಿಯಾಗಿ ಕೂತಿರುತ್ತವೆ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಬ್ರಷ್ಷು, ಗಾಳಿ, ಒಂದು ಟ್ಯೂಬು ಪೇಸ್ಟು ಸಾಕು. ಗೇಮ್ ಆಡುವಾಗ ಮಾತ್ರ ಆರಿದರೆ ಚಾರ್ಜರನ್ನೂ ಗುಮಾನಿಸಬೇಕು: ಸುಮ್ಮನೆ ಅಳೆದಾಗ 19.5 ವೋಲ್ಟು ತೋರಿಸುವ ಚಾರ್ಜರು ಭಾರ ಬಿದ್ದ ಕೂಡಲೇ ಕುಸಿಯುವುದುಂಟು. ಟಚ್‌ಪ್ಯಾಡ್ ತಾನೇ ಉಬ್ಬಿ ಮೇಲೆದ್ದಿದ್ದರೆ ಮಾತ್ರ ಪರೀಕ್ಷೆಯನ್ನೆಲ್ಲ ಅಲ್ಲಿಗೇ ನಿಲ್ಲಿಸಬೇಕು; ಒಳಗೆ ಊದಿಕೊಂಡಿರುವುದು ಲಿಥಿಯಂ ಬ್ಯಾಟರಿ, ಅದನ್ನು ಒತ್ತುವುದೂ ಚುಚ್ಚುವುದೂ ಬೆಂಕಿಯ ಜೊತೆ ಸರಸ.

ಇನ್ನು ಕೆಲವು ಯಂತ್ರಗಳು ಬಾಯಿಬಿಟ್ಟೇ ಹೇಳುತ್ತವೆ. ಡೆಲ್‌ನಲ್ಲಿ ಹಳದಿ-ಬಿಳಿ ದೀಪ ಲೆಕ್ಕವಿಟ್ಟು ಮಿಟುಕುತ್ತದೆ, ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ. ಲೆನೊವೊದ ಕೆಲವು ಥಿಂಕ್‌ಪ್ಯಾಡುಗಳಂತೂ ಏಳಲಾರದಾಗ ಒಂದು ಚಿಕ್ಕ ರಾಗವನ್ನೇ ನುಡಿಸುತ್ತವೆ. ಮೊಬೈಲಿನ ಆ್ಯಪ್ ಅದನ್ನು ಕೇಳಿಸಿಕೊಂಡು ದೋಷ ಯಾವುದೆಂದು ಬರೆದು ತೋರಿಸುತ್ತದೆ. ಸಂಗೀತ ಕೇಳಲು ತಮಗೆ ಪುರುಸೊತ್ತಿಲ್ಲದ್ದು ನನಗೆ ಅರ್ಥವಾಗುತ್ತದೆ.

ಲ್ಯಾಪ್‌ಟಾಪನ್ನು ತಮ್ಮಲ್ಲಿಂದ ಎತ್ತಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಮೆಟ್ಟಿಲಿನ ಕೆಳಗಿನ ಅಂಗಡಿ, ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಕೈಬರಹ. ಒಳಗಿದ್ದ ಹುಡುಗ ಮೊದಲು ಕೇಳಿದ್ದೇ ‘ಎಷ್ಟು ಸೆಕೆಂಡ್ ಇರ್ತದೆ ಅಕ್ಕಾ?’ ಎಂದು. ಬೋರ್ಡು ಹೊರತೆಗೆದ, ಮೀಟರಿನಿಂದ ಒಂದೊಂದೇ ಲೈನು ಮುಟ್ಟುತ್ತಾ ಬಂದ. ‘ಈ ಲೈನ್ ಶಾರ್ಟ್ ಐತೆ’ ಎಂದವನೇ ಆ ಲೈನಿಗೆ ಪವರ್ ಸಪ್ಲೈಯಿಂದ 1 ವೋಲ್ಟು ಹಾಯಿಸಿ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿದ. ಬೋರ್ಡೆಲ್ಲ ಒದ್ದೆಯಿರುವಾಗಲೇ ಒಂದು ಚುಕ್ಕೆಯಷ್ಟು ಜಾಗ ಮಾತ್ರ ಸರಕ್ಕನೆ ಒಣಗಿತು. ಅಲ್ಲಿದ್ದದ್ದು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಸಿರಾಮಿಕ್ ಕೆಪಾಸಿಟರ್. ಬೋರ್ಡು ಬಾಗಿದಾಗ, ಬ್ಯಾಗು ಬಿದ್ದಾಗ ಇಂಥವು ಒಳಗೊಳಗೇ ಬಿರುಕುಬಿಟ್ಟು ಶಾರ್ಟ್ ಆಗುತ್ತವಂತೆ. ಮೈಕ್ರೊಸ್ಕೋಪಿನ ಕೆಳಗೆ ಅದನ್ನು ಕಿತ್ತು, ಯಾವುದೋ ಸತ್ತ ಬೋರ್ಡಿನಿಂದ ಅಂಥದೇ ಇನ್ನೊಂದನ್ನು ತೆಗೆದು ಬೆಸೆದ. ಲ್ಯಾಪ್‌ಟಾಪ್ ಎದ್ದಿತು.

ಎಸ್.ಪಿ. ರೋಡಿನವರೆಲ್ಲ ಹರಿಶ್ಚಂದ್ರರೆಂದು ನಾನು ಹೇಳಿದೆನೆಂದುಕೊಳ್ಳಬೇಡಿ. ಒಳ್ಳೆಯ ರ‍್ಯಾಮ್ ಎಗರಿಸಿ ಹಳೆಯದು ತುರುಕುವವರೂ, ಚಿಪ್ಪಿಗೆ ಬಿಸಿಗಾಳಿ ಊದಿ ವಾರಕ್ಕಾಗುವಷ್ಟು ಜೀವ ತುಂಬಿ ಕಳಿಸುವವರೂ ಅಲ್ಲಿದ್ದಾರೆ. ಮದರ್‌ಬೋರ್ಡ್ ನಿಜಕ್ಕೂ ಕೈಬಿಡುವುದೂ ಉಂಟು. ನೋಟ್‌ಬುಕ್ಕಿನ ಗ್ರಾಫಿಕ್ಸ್ ಚಿಪ್ಪುಗಳ ಪ್ಯಾಕೇಜಿಂಗ್ ದೋಷಕ್ಕಾಗಿ 2008ರಲ್ಲಿ ಎನ್‌ವಿಡಿಯಾ ಕಂಪನಿ 15ರಿಂದ 20 ಕೋಟಿ ಡಾಲರ್ ಎತ್ತಿಡಬೇಕಾಯಿತು. ಆದರೆ ಅದು ಹಾಗೆಂದು ಗೊತ್ತಾದದ್ದು ಯಾರೋ ಬಿಚ್ಚಿ ನೋಡಿದ್ದರಿಂದ.

ತಮ್ಮ ಮೇಲೆ ನನಗೆ ಸಿಟ್ಟಿಲ್ಲ, ನಂಬಿ. ತಮ್ಮ ಕೈಗೆ ಕೊಟ್ಟಿರುವುದೇ ಒಂದು ಸ್ಕ್ರೂಡ್ರೈವರ್ ಮತ್ತು ಪಾರ್ಟ್ ನಂಬರುಗಳ ಪಟ್ಟಿ. ಬೋರ್ಡಿನ ಸರ್ಕಿಟ್ ನಕ್ಷೆ ತಮಗೂ ಕೊಡುವುದಿಲ್ಲ; ಎಸ್.ಪಿ. ರೋಡಿನ ಹುಡುಗ ಹೇಗೋ ಸೋರಿಬಂದ ನಕ್ಷೆ ಇಟ್ಟುಕೊಂಡು ಕೆಲಸ ಮಾಡುತ್ತಾನೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪಿನ ಬೆಲೆಯ ಪಕ್ಕದಲ್ಲೇ ಅದು ಎಷ್ಟು ರಿಪೇರಿಗೆ ಒದಗುತ್ತದೆ ಎಂಬುದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಹಚ್ಚಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ನೋಡಲು ಲ್ಯಾಪ್‌ಟಾಪ್ ಆನ್ ಆಗಬೇಕು ಎಂಬುದೊಂದೇ ತೊಡಕು.

ಒಂದು ವೇಳೆ ತಮ್ಮ ಮಾತು ಕೇಳಿ ಬೋರ್ಡು ಬದಲಿಸಿದ್ದರೆ ಏನಾಗುತ್ತಿತ್ತು ಎಂದೂ ವಿಚಾರಿಸಿದೆ. ತಂಗಿಯ ಮಗಳ ವಿಂಡೋಸ್ 11ರಲ್ಲಿ ಡಿಸ್ಕಿಗೆ ಎನ್‌ಕ್ರಿಪ್ಷನ್ ಬೀಗ ತಾನಾಗಿ ಬಿದ್ದಿತ್ತು. ಅದು ಹಳೆಯ ಬೋರ್ಡಿನ ಭದ್ರತಾ ಚಿಪ್ಪಿಗೆ ಅಂಟಿದ ಬೀಗ. ಹೊಸ ಬೋರ್ಡು ಕಂಡೊಡನೆ 48 ಅಂಕಿಗಳ ರಿಕವರಿ ಕೀ ಕೇಳುತ್ತಿತ್ತು. ಅದು ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತಾವು ‘ಡೇಟಾಗೆ ನಾವು ಜವಾಬ್ದಾರರಲ್ಲ’ ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಂಡಿರಿ, ಕೀ ಬರೆದಿಟ್ಟುಕೋ ತಾಯಿ ಎನ್ನಲಿಲ್ಲ.

ಮತ್ತೆ ಆ ಹಳೆಯ ಬೋರ್ಡು? ಬಹುಪಾಲು ಕಂಪನಿಗಳ ಷರತ್ತು ಓದಿದರೆ ಸಾಕು: ಬಿಚ್ಚಿ ತೆಗೆದ ಭಾಗ ಕಂಪನಿಯ ಸ್ವತ್ತು, ಹಾಕುವ ಭಾಗ ಹೊಸದಾಗಿರಬಹುದು ಅಥವಾ ‘ಹೊಸದಕ್ಕೆ ಸಮ’ ಆಗಿರಬಹುದು. ಸಮ ಆಗುವುದು ಹೇಗೆ ಸ್ವಾಮಿ? ಎಲ್ಲೋ ಒಂದು ಡಿಪೋದಲ್ಲಿ, ಮೈಕ್ರೊಸ್ಕೋಪಿನ ಕೆಳಗೆ, ಆ ಹುಡುಗನಂಥವನೇ ಒಬ್ಬ ಮೀಟರ್ ಹಿಡಿದು ಕೂತಿರಬೇಕಲ್ಲ. ನಮ್ಮ ಎದುರು ಕೈಬಿಟ್ಟ ಬೋರ್ಡು ಅಲ್ಲಿ ಒಂದು ಕೆಪಾಸಿಟರ್ ಬದಲಿಸಿಕೊಂಡು, ಮುಕ್ಕಾಲು ಬೆಲೆ ಹೊತ್ತು, ತುಮಕೂರಿನ ಯಾರದೋ ಲ್ಯಾಪ್‌ಟಾಪಿಗೆ ಬಂದು ಕೂತರೆ ನಾನಂತೂ ಆಶ್ಚರ್ಯಪಡುವುದಿಲ್ಲ. ಆ ತುಮಕೂರಿನವರ ಬೋರ್ಡು ನಮಗೆ ಬರುತ್ತಿತ್ತೇನೋ.

ಕಡೆಗೊಂದು ಅರಿಕೆ. ತಾವು ತೆಗೆದುಕೊಂಡ ತಪಾಸಣಾ ಶುಲ್ಕದ ರಸೀದಿ, ಜಿಎಸ್‌ಟಿ ಸಮೇತ, ನನ್ನ ಬಳಿ ಇದೆ. ಜಾಬ್ ಶೀಟಿನಲ್ಲಿ ‘ನಡೆಸಿದ ಪರೀಕ್ಷೆ’ ಎಂಬ ಕಾಲಂ ಖಾಲಿ ಉಳಿದಿದೆ. ಯಾವ ಲೈನಿನಲ್ಲಿ ಎಷ್ಟು ವೋಲ್ಟು ಸಿಕ್ಕಿತು ಎಂದು ತುಂಬಿಕೊಡುವುದಾದರೆ ಬಂದು ಬರೆಸಿಕೊಳ್ಳುತ್ತೇನೆ. ಶನಿವಾರ ಮಧ್ಯಾಹ್ನದವರೆಗೂ ತೆರೆದಿರುತ್ತೀರಿ ತಾನೆ?

ಇತಿ,
ತಮ್ಮ ಮಾಜಿ ಗ್ರಾಹಕಿ