ಸೋಲಾರ್ ನೀರು ಬಂತಾ?

ಬೆಳಗ್ಗೆ ಆರೂವರೆ. ಟವೆಲ್ ಸುತ್ಕೊಂಡು, ನಲ್ಲಿ ಕೆಳಗೆ ಬೆರಳಿಟ್ಕೊಂಡು ನಿಂತಿದೀರಿ. ತಣ್ಣಗಿದೆ. ಇನ್ನೂ ತಣ್ಣಗೇ ಇದೆ. "ಸ್ವಲ್ಪ ಬಿಟ್ಟಿರಿ, ಬರತ್ತೆ" ಅಂತ ಅಡುಗೆಮನೆಯಿಂದ ಕೂಗು. (ನಿಮ್ಮನೇಲೂ ಇದೇ ಡೈಲಾಗ್ ತಾನೇ?)

ಬಿಟ್ಟಿದ್ದು ಎಷ್ಟು ಅಂತ ಲೆಕ್ಕ ಹಾಕಿದೀರಾ? ಮುಕ್ಕಾಲು ಇಂಚಿನ ಪೈಪು ಟೆರೇಸಿಂದ ಸುತ್ತಿ ಬಳಸಿ ಕೆಳಗಿನ ಬಚ್ಚಲಿಗೆ ಬರೋಕೆ 60 ಅಡಿ ಆಯ್ತು ಅನ್ನಿ, ಅದರೊಳಗೆ ನಾಲ್ಕು ಲೀಟರ್ ಮೇಲೆ ತಣ್ಣೀರು ಕೂತಿರತ್ತೆ. ಅಷ್ಟೂ ಮೋರಿಗೆ. ಆಮೇಲೆ ಟ್ಯಾಂಕರಿನವನ ರೇಟು ಜಾಸ್ತಿ ಅಂತ ಜಗಳ! ಒಂದು ಬಕೆಟ್ ಇಟ್ರೆ ಗಿಡಕ್ಕಾದ್ರೂ ಆಗ್ತಿತ್ತು.

ನಿಜ ಹೇಳಿ, ಆ ಸೋಲಾರ್ ಹಾಕಿಸಿದ್ದು ಪರಿಸರದ ಮೇಲಿನ ಪ್ರೀತಿಗಾ? 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಕಡ್ಡಾಯ ಮಾಡ್ತು, ಮೀಟರ್ ಕನೆಕ್ಷನ್ ಸಿಗ್ಲಿ ಅಂತ ಹಾಕಿಸಿದ್ರಿ. ಬಿಲ್ಲಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚಂದ್ರೆ 50 ರೂಪಾಯಿ ರಿಯಾಯ್ತಿ ಅಂದಾಗ ಕಣ್ಣು ಇನ್ನಷ್ಟು ಅರಳಿತು. (ಇರ್ಲಿ ಬಿಡಿ, ಯಾರಿಗೂ ಹೇಳಲ್ಲ.)

ಹಾಕಿಸಿದ ಮೇಲೆ ಎಷ್ಟು ಸಲ ಹತ್ತಿ ನೋಡಿದೀರಿ? ಹಪ್ಪಳ ಒಣಗಿಸೋಕೆ ಹೋಗಿದ್ದು ಲೆಕ್ಕಕ್ಕಿಲ್ಲ. ಮೇಲಿರೋದು ಇಷ್ಟು: ಗಟ್ಟಿ ಗಾಜು, ಅದರಡಿ ಕಪ್ಪು ಲೇಪದ ತಾಮ್ರದ ತಗಡು, ತಗಡಿನ ಬೆನ್ನಿಗೆ ಸಣ್ಣ ತಾಮ್ರದ ಪೈಪುಗಳು, ಕೆಳಗೆ ಶಾಖ ಸೋರದಿರ್ಲಿ ಅಂತ ರಾಕ್‌ವೂಲ್. ಎಲ್ಲಾ ದಕ್ಷಿಣಕ್ಕೆ ಮುಖ. ಪಂಪಿಲ್ಲ, ಮೋಟಾರಿಲ್ಲ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರತ್ತೆ, ತಣ್ಣೀರು ಕೆಳಗಿಳಿಯತ್ತೆ. 100 ಲೀಟರಿಗೆ ಸುಮಾರು 2 ಚದರ ಮೀಟರ್ ಪ್ಯಾನೆಲ್ ಸಾಕು.

ಗಾಜಿನ ಟ್ಯೂಬಿನ ಸೋಲಾರ್ ಇದೆಯಾ? ಅದು ಎರಡು ಪದರದ ಗಾಜು, ಮಧ್ಯೆ ಗಾಳಿ ತೆಗೆದಿರ್ತಾರೆ, ನಿಮ್ಮ ಕಾಫಿ ಫ್ಲಾಸ್ಕಿನ ಥರ. ಮಟ ಮಟ ಮಧ್ಯಾಹ್ನ ಖಾಲಿಯಾಗಿ ಕಾದ ಟ್ಯೂಬಿಗೆ ತಣ್ಣೀರು ಬಿಟ್ಟು "ಠಣ್" ಅನಿಸಿದ ಮಹಾನುಭಾವರೂ ಉಂಟು. (ನೀವಲ್ಲ, ಪಕ್ಕದ ಮನೆಯವರು. ಗೊತ್ತು.)

ಈಗ ಅಸಲಿ ವಿಷಯ, ಹತ್ತಿರ ಬನ್ನಿ. ಟ್ಯಾಂಕೊಳಗೆ ಒಂದು ಕರೆಂಟ್ ಕಾಯಿಲ್ ಇದೆಯಲ್ಲ, ಅದರ ಸ್ವಿಚ್ಚು? ಆಷಾಢದ ಮೋಡಕ್ಕೆ ಹಾಕಿದ್ದು ದೀಪಾವಳಿ ಎಣ್ಣೆಸ್ನಾನದವರೆಗೂ ಆನ್! 100 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಸುಮಾರು 4 ಯೂನಿಟ್ ಬೇಕು. ರಾತ್ರಿಯೆಲ್ಲಾ ಕಾಯಿಲ್ಲೇ ಕಾಯಿಸಿಟ್ರೆ, ಬೆಳಗ್ಗೆ ಬರೋ ಸೂರ್ಯನಿಗೆ ಕೆಲಸವೇ ಇಲ್ಲ. ನೀವು ಮಾತ್ರ ಬೀಗರೆದುರು "ನಮ್ಮನೇಲಿ ಎಲ್ಲಾ ಬಿಸಿಲಿಂದೇ" ಅಂತೀರಿ.

ಹಾಗೇ ಇನ್ನೊಂದು ಆಸೆ ಬೇರೆ: "ಬಿಸಿಲಿಂದ ಎಸಿ ಬರಲ್ವಾ?" ಬರತ್ತೆ ಸ್ವಾಮಿ. ಬಿಸಿನೀರಿನ ಶಾಖದಲ್ಲೇ ನಡೆಯೋ, ಲಿಥಿಯಂ ಬ್ರೋಮೈಡ್ ಅನ್ನೋ ಉಪ್ಪು ಬಳಸಿ ತಂಪು ಮಾಡೋ ಯಂತ್ರಗಳಿವೆ. ಆದ್ರೆ ಅದಕ್ಕೆ ಸಾಮಾನ್ಯವಾಗಿ 80–90 ಡಿಗ್ರಿ ನೀರು ಬೇಕು, ಮೇಲೆ ಕೂಲಿಂಗ್ ಟವರ್ ಬೇರೆ. ಧೂಳು ಒರೆಸದ ನಿಮ್ಮ ಪ್ಯಾನೆಲ್ಲು 60 ಮುಟ್ಟೋಕೇ ಏದುಸಿರು ಬಿಡ್ತಿದೆ.

ಬೋರ್‌ವೆಲ್ ನೀರಾದ್ರೆ ಪೈಪೊಳಗೆ ಉಪ್ಪು ಕಟ್ಟತ್ತೆ; ಸರ್ವೀಸಿನವರನ್ನ ಕರೆಸಿ. ಈ ಭಾನುವಾರ ಮಾತ್ರ ನೀವೇ ಹತ್ತಿ, ಒದ್ದೆ ಬಟ್ಟೆಯಿಂದ ಗಾಜು ಒರೆಸಿ. ಬಿಸಿಲೇರೋ ಮುಂಚೆ ಹೋಗಿ. ಇಳಿಯೋವಾಗ ಆ ಸ್ವಿಚ್ಚನ್ನೂ ಸ್ವಲ್ಪ ನೋಡಿ.