ಆಫರ್ ಐತೇನ್ರಿ?

ಇಂಗ್ಲಿಷಿನ ‘ಆಫರ್’ ರಾಯಚೂರು ಸೀಮೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಈಗ ಮನೆಮಾತು. ಅಂಗಡಿಯವರು ಆಫರ್ ಹಾಕುತ್ತಾರೆ, ಕಂಪನಿಯವರು ಆಫರ್ ಕೊಡುತ್ತಾರೆ, ಓದಿದ ಹುಡುಗನಿಗೆ ಆಫರ್ ಬರುತ್ತದೆ, ಬಂದದ್ದು ಕೈತಪ್ಪಿದರೆ ಆಫರ್ ‘ಹೋತು’ ಎನ್ನುತ್ತಾರೆ. ಇಷ್ಟೆಲ್ಲ ಓಡಾಡುವ ಪದ ಒಂದು ಕಡೆ ಮಾತ್ರ ಕಾಲಿಡುವುದಿಲ್ಲ. ಅದು ಮನೆಗೆ ಬಂದವರಿಗೆ ಚಹಾ ಕೊಡುವ ಕಡೆ. ‘ನಿಮಗ ಚಾ ಆಫರ್ ಮಾಡ್ತೀವಿ’ ಅಂದರೆ ಲಿಂಗಸುಗೂರಿನ ಅತಿಥಿ ರೇಟು ಎಷ್ಟೆಂದು ಕೇಳಿಯಾನು. ಈ ಊರುಗಳ ಮಕ್ಕಳು ಡಲ್ಲಾಸು, ನ್ಯೂಜೆರ್ಸಿ ಸೇರಿದ ಮೇಲೆ ಸಂಸಾರಗಳಲ್ಲಿ ಎಡವಟ್ಟು ಶುರುವಾದದ್ದೂ ಇಲ್ಲಿಂದಲೇ. ಅಲ್ಲಿ ಚಹಾ ಕೂಡ ಆಫರೇ.

ಪದ ಹುಟ್ಟಿದ್ದು ದೇವರ ಮುಂದೆ. ಲ್ಯಾಟಿನ್ ಮೂಲದ ಈ ಮಾತಿಗೆ ಹಳೆಯ ಇಂಗ್ಲಿಷಿನಲ್ಲಿ ಬಲಿ ಕೊಡು, ಕಾಣಿಕೆ ಅರ್ಪಿಸು ಎಂದೇ ಅರ್ಥ. ಅಂಗಡಿಗೆ ಇಳಿದದ್ದು ಬಹಳ ತಡವಾಗಿ. ಸಿಂಧನೂರು ತಾಲೂಕಿನ ಅಂಬಾಮಠದಲ್ಲಿ ತಾಯಿಗೆ ಎಡೆ ಹಿಡಿಯುವವರು ಪದ ಗೊತ್ತಿಲ್ಲದೆಯೇ ಅದರ ಮೂಲಾರ್ಥವನ್ನು ನಡೆಸಿಕೊಂಡು ಬಂದಿದ್ದಾರೆ. ಎಡೆಯಲ್ಲಿ ಗೊಂದಲವಿಲ್ಲ: ದೇವಿ ‘ಬ್ಯಾಡ’ ಅನ್ನುವುದಿಲ್ಲ, ತಿನ್ನುವುದೂ ಇಲ್ಲ, ಹೋಳಿಗೆ ಮನೆಯವರಿಗೇ ವಾಪಸ್ಸು.

ಮಸ್ಕಿಯ ಬಂಡೆಯಲ್ಲಿ ಇನ್ನೂ ಹಳೆಯದೊಂದು ಆಫರ್ ಇದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಈ ಶಾಸನ, ಅಶೋಕ ಎಂಬ ಹೆಸರು ಮೊದಲು ಸಿಕ್ಕ ಶಾಸನವೆಂದು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಉನ್ನತ ಪದವಿ ದಕ್ಕುತ್ತದೆ, ಧರ್ಮದಲ್ಲಿ ನಡೆಯಬೇಕು ಎಂಬುದು ಅದರ ತಾತ್ಪರ್ಯ. ಷರತ್ತನ್ನು ಸಣ್ಣ ಅಕ್ಷರದಲ್ಲಿ ಅಡಿಯಲ್ಲಿ ಬಚ್ಚಿಡದೆ, ಮಾತಿನ ನಡುವೆಯೇ ಕೆತ್ತಿಸಿದ ಆ ದೊರೆಯ ಪ್ರಾಮಾಣಿಕತೆ ಈಗಿನ ಮೊಬೈಲ್ ಕಂಪನಿಗಳಿಗೆ ಬಂದಿಲ್ಲ.

ರಾಯಚೂರು ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರದು. ಅಲ್ಲಿನ ದರ್ಬಾರಿನಲ್ಲಿ ದೊರೆಗೆ ಅಶ್ರಫಿ ಎಂಬ ಚಿನ್ನದ ನಾಣ್ಯ ಹಿಡಿದು ತೋರಿಸುವ ‘ನಜರ್’ ಎಂಬ ಪದ್ಧತಿ ಇತ್ತು. ಸಾಮಾನ್ಯವಾಗಿ ದೊರೆಗಳು ಅದನ್ನು ಮುಟ್ಟಿ ಮರಳಿಸುತ್ತಿದ್ದರು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಮಾತ್ರ ನಿಜವಾಗಿಯೇ ಇಟ್ಟುಕೊಳ್ಳುತ್ತಿದ್ದರೆಂದು ಹೆಸರುವಾಸಿ. ಕೊಡುತ್ತೇನೆ ಅಂದದ್ದನ್ನು ಮೊದಲ ಸಲಕ್ಕೇ ತೆಗೆದುಕೊಂಡುಬಿಡುವ ಈ ನಡತೆಗೆ ಜನ ಎಷ್ಟು ಬೆರಗಾದರೆಂದರೆ, ಇಂದಿಗೂ ಅದು ಕಥೆಯಾಗಿ ಉಳಿದಿದೆ.

ಏಕೆಂದರೆ ಈ ಸೀಮೆಯ ಉಪಚಾರದಲ್ಲಿ ಮೊದಲ ‘ಬ್ಯಾಡ್ರಿ’ ಉತ್ತರವಲ್ಲ, ನಮಸ್ಕಾರದ ಮುಂದುವರಿಕೆ. ‘ಚಾ ಕುಡೀರಿ’ ಎಂದೊಡನೆ ‘ಬ್ಯಾಡ್ರಿ, ಈಗ ಕುಡದ ಬಂದೀವಿ’ ಎನ್ನಬೇಕು. ‘ಅದು ಅಲ್ಲಿದಾತು, ನಮ್ಮನಿದು?’ ಎಂದು ಮರುಪ್ರಶ್ನೆ ಬರಬೇಕು. ‘ಯಾಕ ಸುಮ್ನ ತ್ರಾಸು’ ಎಂದು ಎರಡನೆಯ ಸಲ ಹಿಂಜರಿಯಬೇಕು. ಮೂರನೆಯದಕ್ಕೆ ಮನೆಯೊಡತಿ ಒಳಗೆ ಹೋಗಿರುತ್ತಾಳೆ, ಹಾಲು ಒಲೆಯ ಮೇಲೆ ಏರಿರುತ್ತದೆ. ಆಗ ಅತಿಥಿ ಸೋತ ದನಿಯಲ್ಲಿ ‘ಆತ್ರಿ, ಅರ್ಧ ಕಪ್ ಹಾಕ್ರಿ ಮತ್ತ’ ಎನ್ನುತ್ತಾನೆ. ಬರುವುದು ತುಂಬಿದ ಕಪ್ಪು. ಜೊತೆಗೆ ಒಂದು ತಾಟು ಮಂಡಾಳ ವಗ್ಗರಣಿ, ಎರಡು ಮಿರ್ಚಿ.

ಕಾನೂನಿಗೆ ಈ ನಡವಳಿಕೆ ಅರ್ಥವಾಗುವ ಲಕ್ಷಣವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಅದಕ್ಕೆ ಬಾಲ ಇರಬಾರದು. 1840ರಲ್ಲಿ ಇಂಗ್ಲೆಂಡಿನಲ್ಲಿ ಹೈಡ್ ಎಂಬವನು ರೆಂಚ್ ಎಂಬವನ ಹೊಲ ಕೊಳ್ಳಲು ಹೋದ. ರೆಂಚ್ ಹೇಳಿದ್ದು 1,000 ಪೌಂಡು, ಹೈಡ್ ಕೇಳಿದ್ದು 950. ರೆಂಚ್ ಆಗಲ್ಲವೆಂದ. ಹಾಗಾದರೆ ಸಾವಿರಕ್ಕೇ ಇರಲಿ ಎಂದು ಹೈಡ್ ಹಿಂದಿರುಗಿದರೆ, ಕೋರ್ಟು ಒಪ್ಪಲಿಲ್ಲ. ಬೇರೆ ದರ ಹೇಳಿದ ಗಳಿಗೆಯಲ್ಲೇ ಮೊದಲಿನ ಆಫರ್ ಸತ್ತುಹೋಯಿತು ಎಂದಿತು. ಈ ಲೆಕ್ಕದಲ್ಲಿ ‘ಅರ್ಧ ಕಪ್ ಹಾಕ್ರಿ’ ಅಂದವನಿಗೆ ಪೂರ್ತಿ ಕಪ್ಪಿನ ಹಕ್ಕು ಕಾಯಂ ಹೋಯಿತು. ಮಿರ್ಚಿಯ ಮಾತೇ ಬೇಡ.

ಹೊರದೇಶದ ಅಡುಗೆಮನೆಗಳಲ್ಲಿ ಹೈಡನ ಕಾನೂನೇ ನಡೆಯುತ್ತದೆ. ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದ ಲಿಂಗಸುಗೂರಿನ ತಾಯಿಯೊಬ್ಬಳು ಸೋಫಾ ತುದಿಯಲ್ಲಿ ಕೂತಿರುತ್ತಾಳೆ. ಅಲ್ಲಿಯೇ ಹುಟ್ಟಿದ ಮೊಮ್ಮಗ ಬಂದು ‘ಅಜ್ಜಿ, ಜ್ಯೂಸ್ ಬೇಕಾ?’ ಎನ್ನುತ್ತಾನೆ. ‘ಬ್ಯಾಡಪ್ಪ’ ಎನ್ನುತ್ತಾಳೆ. ‘ಓಕೆ’ ಎಂದು ಅವನು ಫ್ರಿಜ್ಜಿನ ಬಾಗಿಲು ಹಾಕುತ್ತಾನೆ. ಅದರ ಒಳದೀಪ ಆರಿದ್ದನ್ನು ಅಜ್ಜಿ ನೋಡುತ್ತಾಳೆ. ಹುಡುಗನ ತಪ್ಪಿಲ್ಲ, ಬೇಡ ಅಂದವರನ್ನು ಮತ್ತೆ ಒತ್ತಾಯ ಮಾಡಬಾರದೆಂದು ಶಾಲೆಯಲ್ಲಿ ಕಲಿಸಿದ್ದಾರೆ. ಸಂಜೆ ಅಮ್ಮ ಸಪ್ಪಗಿರುವುದರ ಕಾರಣ ಮಗಳಿಗೆ ತಿಳಿಯುವ ಹೊತ್ತಿಗೆ ಸಿಂಧನೂರಿನ ಬೀಗರವರೆಗೆ ವಾಟ್ಸಾಪಿನಲ್ಲಿ ಸುದ್ದಿ ಮುಟ್ಟಿರುತ್ತದೆ: ಅಮೆರಿಕದಾಗ ನೀರೂ ಕೇಳಂಗಿಲ್ಲ.

ದೊಡ್ಡ ಮಳಿಗೆಗಳಲ್ಲಿ ರುಚಿ ನೋಡಲು ಪುಕ್ಕಟೆ ಕೊಡುವ ಚೀಸಿನ ತುಂಡಿನ ಮುಂದೆಯೂ ಇದೇ ಕಥೆ. ಟೋಪಿ ತೊಟ್ಟ ಹೆಂಗಸು ತಟ್ಟೆ ಮುಂದೆ ಮಾಡುತ್ತಾಳೆ. ಅಜ್ಜಿ ಮರ್ಯಾದೆಗೆಂದು ಕೈ ಅಡ್ಡ ಹಿಡಿದು, ಎರಡನೆಯ ಒತ್ತಾಯಕ್ಕೆ ನಗುತ್ತ ನಿಲ್ಲುತ್ತಾಳೆ. ತಟ್ಟೆ ಹಿಂದಿನವರ ಕಡೆ ಸರಿದಿರುತ್ತದೆ.

ಗಂಡಸರಿಗೆ ಪೆಟ್ಟು ಬೀಳುವುದು ಮನೆ ಕೊಳ್ಳುವಾಗ. ಅಮೆರಿಕದಲ್ಲಿ ಮನೆಗೆ ‘ಆಫರ್ ಹಾಕುವವನು’ ಮಾರುವವನಲ್ಲ, ಕೊಳ್ಳುವವನು. ಬೇಡಿಕೆ ಜೋರಿದ್ದರೆ ಮಾರುವವನು ಕೇಳಿದ ದರಕ್ಕಿಂತ ಮೇಲೆಯೇ ಬರೆದುಕೊಡಬೇಕು. ಸಿಂಧನೂರಿನಿಂದ ಬಂದ ಅಪ್ಪನಿಗೆ ಇದು ನುಂಗಲಾರದ ತುತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು, ಎಪಿಎಂಸಿಯಲ್ಲಿ ಟೆಂಡರು ದರ ಒಗ್ಗದಿದ್ದರೆ ಚೀಲ ಬಿಡದೆ ಕೂತವನು ಅವನು. ‘ಅವ ಕೇಳಿದ್ದಕ್ಕಿಂತ ಹೆಚ್ಚಿಗಿ ನೀ ಯಾಕ ಕೊಡ್ತಿ? ಅವನ ಮನಿಗೆ ಹೋಗಿ ಕೂಡೂಣು ನಡಿ’ ಎನ್ನುತ್ತಾನೆ. ಮಾರುವವನನ್ನು ನೋಡುವ ಪ್ರಸಂಗವೇ ಬರುವುದಿಲ್ಲ, ಎಲ್ಲ ಏಜೆಂಟರ ಮೂಲಕ, ಯಾರು ಎಷ್ಟು ಬರೆದಿದ್ದಾರೆಂಬುದು ಮತ್ತೊಬ್ಬರಿಗೆ ಗೊತ್ತಾಗುವುದಿಲ್ಲ ಎಂದು ಮಗ ವಿವರಿಸುತ್ತಾನೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸುತ್ತಾನೆ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ದರ ಮಾತಾಡಿದವನು. ‘ಅಂದ್ರ ಟವೆಲ್ ವ್ಯಾಪಾರ ಅನ್ನು’ ಎಂದು ಸಮಾಧಾನಪಡುತ್ತಾನೆ. ರಿಯಲ್ ಎಸ್ಟೇಟ್ ಕೋರ್ಸುಗಳಲ್ಲಿ ಇಷ್ಟು ಸ್ಪಷ್ಟ ವಿವರಣೆ ಸಿಗುವುದು ಅನುಮಾನ.

ಮದುವೆ ಮಾತುಕತೆಯಲ್ಲಿ ಪದ ಇಂಗ್ಲಿಷಿನಲ್ಲೇ ಬೇರೆಯಾಗುತ್ತದೆ. ನೌಕರಿಗೆ ಆಫರ್, ಹೆಣ್ಣಿಗೆ ಪ್ರಪೋಸಲ್. ಮೊದಲನೆಯದು ಬಾರದೆ ಎರಡನೆಯದು ಬರುವುದಿಲ್ಲ ಎಂಬುದು ಲೋಕರೂಢಿ. ಹುಡುಗಿ ಸುಮ್ಮನಿದ್ದರೆ ಒಪ್ಪಿದಂತೆ ಎಂಬುದು ಇಲ್ಲಿನ ಹಿರಿಯರ ಶಾಸ್ತ್ರ. ಸುಮ್ಮನಿದ್ದರೆ ಒಪ್ಪಿದಂತಲ್ಲ ಎಂದು 1862ರಲ್ಲೇ ಇಂಗ್ಲೆಂಡಿನ ಕೋರ್ಟು, ಸಹೋದರನ ಮಗನ ಕುದುರೆ ಕೇಳಿದವನೊಬ್ಬನಿಗೆ ಹೇಳಿ ಕಳಿಸಿದೆ. ನ್ಯೂಜೆರ್ಸಿಯ ಕನ್ನಡ ಹುಡುಗಿಯರು ಆ ತೀರ್ಪಿನ ಪರ.

ಲೆಕ್ಕ ಚುಕ್ತಾ ಆಗುವುದು ಡಿಸೆಂಬರ್ ರಜೆಗೆ ಮಕ್ಕಳು ಊರಿಗೆ ಬಂದಾಗ. ಹತ್ತು ವರ್ಷದ ಹುಡುಗ ದಿನಕ್ಕೆ ನಾಲ್ಕು ಮನೆ ಹೊಕ್ಕು, ಪ್ರತಿ ಮನೆಯಲ್ಲೂ ‘ನೋ, ಥ್ಯಾಂಕ್ಸ್’ ಎನ್ನುತ್ತಾನೆ. ಅವನ ಮಟ್ಟಿಗೆ ಅದು ಸಂಪೂರ್ಣ ನಿರಾಕರಣೆ. ‘ಪಾಪ, ಹುಡುಗ ನಾಚಕೋತೈತಿ’ ಎಂದು ತಾಟಿಗೆ ಇನ್ನೊಂದು ಶೇಂಗಾ ಹೋಳಿಗೆ ಬೀಳುತ್ತದೆ. ಮೂರು ಸಲ ಬೇಡ ಅಂದರೂ ಬೀಳುತ್ತದೆ, ತಾಟಿನ ಮೇಲೆ ಕೈ ಮುಚ್ಚಿದರೆ ಬೆರಳ ಸಂದಿಯಲ್ಲಿ ತುಪ್ಪ ಇಳಿಯುತ್ತದೆ. ಈ ಸೀಮೆಯಲ್ಲಿ ಚಲಾವಣೆಯಲ್ಲಿರುವ ನಿರಾಕರಣೆ ಒಂದೇ, ‘ಶುಗರ್ ಐತ್ರಿ’. ನಾಲ್ಕನೆಯ ಮನೆಯಲ್ಲಿ ಅಪ್ಪ ಅದನ್ನು ತನ್ನ ಪಾಲಿಗೆ ಹೇಳಿಕೊಂಡು ಪಾರಾಗಲು ನೋಡುತ್ತಾನೆ. ‘ಹಂಗಾರ ನಿಮಗ ಸಕ್ರಿ ಇಲ್ದ ಚಾ ಮಾಡ್ತೀನ್ರಿ’ ಎನ್ನುತ್ತ ಮನೆಯೊಡತಿ ಒಳಗೆ ನಡೆದಿರುತ್ತಾಳೆ.