ಸ್ಯಾನ್ ಹೊಸೆಯ ಹಮಾಲಿ

"ಸಿಸ್ಟಮ್ಸ್ ಇಂಜಿನಿಯರ್ ಅಂದ್ರೆ ಏನು ಕೆಲಸವೋ?" ಎಂದು ಅಮ್ಮ ಮೈಸೂರಿನಿಂದ ಹದಿನೈದು ವರ್ಷಗಳಿಂದ ಫೋನಿನಲ್ಲಿ ಕೇಳುತ್ತಲೇ ಇದ್ದಾಳೆ. ಸ್ಯಾನ್ ಹೊಸೆಯಲ್ಲಿ ಮನೆ ಮಾಡಿದವನು "ಹಮಾಲಿ ಕೆಲಸ ಕಣಮ್ಮ" ಎಂದರೆ ನಂಬುವುದಿಲ್ಲ.

ನಮ್ಮ ಆಫೀಸಿನಲ್ಲಿ ಯಂತ್ರ ಏನೇನು ಮಾಡಬೇಕೆಂದು ಬರೆದಿಡಲು ಒಂದು ಸಾಫ್ಟ್‌ವೇರ್, ಅದರ ನಕ್ಷೆ ಬಿಡಿಸಲು ಇನ್ನೊಂದು, ಪರೀಕ್ಷಿಸಲು ಮತ್ತೊಂದು. ಮೂರೂ ಒಂದೇ ಸೂರಿನಡಿ ಮುನಿಸಿಕೊಂಡ ವಾರಗಿತ್ತಿಯರು. ಒಬ್ಬಳು ಹೇಳಿದ್ದನ್ನು ಸ್ಪ್ರೆಡ್‌ಶೀಟಿನಲ್ಲಿ ಹೊತ್ತು ಇನ್ನೊಬ್ಬಳ ಬಾಗಿಲಿಗೆ ಮುಟ್ಟಿಸುವವನು ನಾನು.

ಆ ಸ್ಪ್ರೆಡ್‌ಶೀಟೋ ಅಧಿಕಪ್ರಸಂಗಿ. ನಮ್ಮ ಬ್ರೇಕಿನ ನಿಯಮದ ಸಂಖ್ಯೆ 3-4. ಸಿಎಸ್‌ವಿ ಫೈಲನ್ನು ಇಲ್ಲಿ ತೆರೆದರೆ ಅದು ಮಾರ್ಚ್ 4. ಬೆಂಗಳೂರಿನ ಸಹೋದ್ಯೋಗಿ ತೆರೆದರೆ ಏಪ್ರಿಲ್ 3. ನಮ್ಮ ಕಾಲದವರ ಹಾಗೆ ಬ್ರೇಕಿಗೂ ಸ್ಕೂಲಿನ ಜನ್ಮದಿನ ಒಂದು, ನಿಜದ್ದು ಇನ್ನೊಂದು! ಈ ಕಾಟ ತಾಳದೆ ವಿಜ್ಞಾನಿಗಳೇ ಮಾರ್ಚ್1 ಎಂಬ ಜೀನಿನ ಹೆಸರು ಬದಲಿಸಿಬಿಟ್ಟರು.

ಈ ಊರಿನ ರೈಲುಗಳೂ ನಮ್ಮ ಸಾಫ್ಟ್‌ವೇರುಗಳ ಹಾಗೆ ಒಂದಕ್ಕೊಂದು ಹೊಂದುವುದಿಲ್ಲ. 2020ರಲ್ಲಿ ಬೆರಿಯೆಸ್ಸಾಕ್ಕೆ ಬಂದ ಬಾರ್ಟ್ ರೈಲಿನ ಹಳಿ 1676 ಮಿಲಿಮೀಟರ್. ಸಾಕ್ಷಾತ್ ಭಾರತದ ಬ್ರಾಡ್‌ಗೇಜ್. ಡಿರಿಡಾನ್ ನಿಲ್ದಾಣದ ಕ್ಯಾಲ್‌ಟ್ರೇನಿನದು 1435. ನಮ್ಮ ಮೆಟ್ರೋ ಅಳತೆ. ಮಿಲ್ಬ್ರೇ ನಿಲ್ದಾಣದಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ, ಒಂದರ ಹಳಿಗೆ ಇನ್ನೊಂದು ಇಳಿಯಲಾರದು. ಜನ ಗಂಟುಮೂಟೆ ಹೊತ್ತು ಇಳಿದು ಹತ್ತುತ್ತಾರೆ.

ಸಾಫ್ಟ್‌ವೇರುಗಳಿಗಾದರೂ ಹಳಿ ಒಂದೇ ಇರಲೆಂದು 2011ರಲ್ಲಿ ರೆಕ್‌ಇಫ್ ಎಂಬ ಸಾಮಾನ್ಯ ಫೈಲ್ ರೂಪ ಬಂತು. ನಮ್ಮ ವಾರಗಿತ್ತಿಯರು "ನಮಗೂ ಬರುತ್ತೆ" ಎಂದರು. ಬರುವುದೇನೋ ನಿಜ. ಆದರೆ ಒಬ್ಬಳು 'ಮುಗಿದಿದೆ' ಎಂದರೆ ಬರೆದು ಮುಗಿದಿದೆ ಎಂದರ್ಥ; ಇನ್ನೊಬ್ಬಳಿಗೆ ಪರೀಕ್ಷೆಯೂ ಮುಗಿದಿದೆ ಎಂದು.

ಒಂದೇ ಮಾತಿಗೆ ಎರಡು ಅರ್ಥ ನನಗೆ ಹೊಸದಲ್ಲ. ಸಾಗರದವಳಾದ ಹೆಂಡತಿ ಒಂದು ಭಾನುವಾರ ಬದನೆಕಾಯಿ ಬಜ್ಜಿ ಮಾಡುತ್ತೇನೆಂದಳು. ನಾನು ಆಸೆಯಿಂದ ನಾಲ್ಕು ಜನರನ್ನು ಸಂಜೆ ಕಾಫಿಗೆ ಕರೆದೆ. ಎಣ್ಣೆ ಬಾಣಲೆಯ ಸದ್ದೇ ಇಲ್ಲ! ಬಂದದ್ದು ಸುಟ್ಟ ಬದನೆಕಾಯಿ ಕಿವುಚಿ ಮೊಸರು ಬೆರೆಸಿದ ಬಜ್ಜಿ. ಅತಿಥಿಗಳು ಮರ್ಯಾದೆಗೆ ಅದನ್ನೇ ಚಮಚದಲ್ಲಿ ತಿಂದು ಕಾಫಿ ಕುಡಿದರು.

ಕಳೆದ ವಾರ ಅಮ್ಮನಿಗೆ ಮಿಲ್ಬ್ರೇ ಕಥೆ ಹೇಳಿದೆ. "ಇಷ್ಟೇನಾ? ನಿಮ್ಮಪ್ಪ ಮದ್ರಾಸಿನಿಂದ ಬರುವಾಗ ಬೆಂಗಳೂರಲ್ಲಿ ಬ್ರಾಡ್‌ಗೇಜ್ ಇಳಿದು, ಮೈಸೂರಿನ ಮೀಟರ್‌ಗೇಜಿಗೆ ಟ್ರಂಕು ಹೊರಿಸ್ತಿದ್ರು" ಎಂದವಳು, ಥಟ್ಟನೆ ಗಾಬರಿಯಾದಳು. "ಆಮೇಲೆ ಬ್ರಾಡ್‌ಗೇಜೇ ಮೈಸೂರಿಗೆ ಬಂತು ಕಣೋ. ನಿಮ್ಮಲ್ಲೂ ಹಳಿ ಕೂಡಿಸಿದ್ರೆ ನಿನ್ನ ಕೆಲಸದ ಗತಿ?"

"ಟ್ರಂಕು ಹೊತ್ತವನು ಬೀಗ ತೆಗೆದು ನೋಡಬೇಕಾಗಿರಲಿಲ್ಲಮ್ಮ, ನಾನು ನೋಡಬೇಕು" ಎಂದೆ. ಹಳಿ ಒಂದಾಗಬಹುದು. ಬಜ್ಜಿ ಎರಡಿರುವವರೆಗೆ ಈ ಹಮಾಲಿಯ ಅನ್ನಕ್ಕೆ ಮೋಸವಿಲ್ಲ.